ಚರ್ಮ ಹೊಲಿಯೋಕೆ ಯಾವ ಮಷಿನ್? ಮೊದಲು ದಾರ ಆರಿಸಿ, ಮಷಿನ್ ಆಮೇಲೆ

ಪ್ರಶ್ನೆ: ಮೂರು ವರ್ಷದಿಂದ ಚರ್ಮದ ಪರ್ಸು, ಬ್ಯಾಗು, ಬೆಲ್ಟುಗಳನ್ನು ಕೈಯಲ್ಲೇ ಹೊಲಿಯುತ್ತಿದ್ದೇನೆ. ಕೆಲಸ ಜಾಸ್ತಿಯಾಯಿತೆಂದು ಬಟ್ಟೆ ಹೊಲಿಯುವ ಹಳೆಯ ಇಂಡಸ್ಟ್ರಿಯಲ್ ಮಷಿನ್ ಒಂದನ್ನು ತಂದೆ. ಎರಡು ಪದರ ಚೆನ್ನಾಗಿಯೇ ಹೊಲಿಯುತ್ತದೆ. ಮೂರನೇ ಪದರ ಬಂದ ಕಡೆ ಹೊಲಿಗೆ ಬಿಟ್ಟುಹೋಗುತ್ತದೆ, ಶುರುವಿನಲ್ಲಿ ಕೆಳಗಡೆ ದಾರ ಗೂಡು ಕಟ್ಟುತ್ತದೆ, ಉದ್ದ ಹೊಲಿದರೆ ಎರಡು ಪದರದ ಅಂಚು ಕೂಡುವುದಿಲ್ಲ. ಇದನ್ನೇ ರಿಪೇರಿ ಮಾಡಿಸಲಾ? ಅಥವಾ ಬೆಲ್ಟು, ಕುದುರೆ ಜೀನು ಹೊಲಿಯುವ ದೊಡ್ಡ ಮಷಿನ್ ತಗೊಳ್ಳಲಾ? ಮಾರುವವರು "ಇದೊಂದಿದ್ದರೆ ಎಲ್ಲಾ ಕೆಲಸ ಆಗುತ್ತೆ" ಅನ್ನುತ್ತಿದ್ದಾರೆ.

ಉತ್ತರ: ನಿಮ್ಮ ಮೂರು ತೊಂದರೆಗಳಲ್ಲಿ ಮೊದಲ ಎರಡು ಇವತ್ತು ಸಂಜೆಯೊಳಗೆ ಸರಿಹೋಗಬಹುದು, ಬೇಕಾಗುವುದು ಒಂದು ಪ್ಯಾಕೆಟ್ ಹೊಸ ಸೂಜಿ ಮತ್ತು ಸ್ವಲ್ಪ ತಾಳ್ಮೆ. ಮೂರನೆಯದು ಸರಿಹೋಗುವುದಿಲ್ಲ. ಅದು ರಿಪೇರಿ ಅಲ್ಲ, ಆ ಮಷಿನ್‌ನ ಹುಟ್ಟುಗುಣ. ಹಾಗಂತ ಆ ದೊಡ್ಡ ಮಷಿನ್ ಮಾತ್ರ ತಗೊಳ್ಳಬೇಡಿ.

ಚರ್ಮದ ಮಷಿನ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಎಷ್ಟು ದಪ್ಪ ತೂರುತ್ತದೆ? ತೂರುವುದು ದೊಡ್ಡ ವಿಷಯವೇ ಅಲ್ಲ. ಕೈಚಕ್ರ ತಿರುಗಿಸಿದರೆ ಮನೆಯ ಮಷಿನ್ ಕೂಡ ನಾಲ್ಕು ಪದರ ಚರ್ಮ ತೂರುತ್ತದೆ. ಕಷ್ಟ ಇರುವುದು ಸೂಜಿ ವಾಪಸ್ ಮೇಲೆ ಬರುವಾಗ. ಆಗ ಚರ್ಮ ಸೂಜಿಗೆ ಅಂಟಿಕೊಂಡು ಮೇಲೇಳಬಾರದು, ದಾರದ ಕುಣಿಕೆ ಕೆಳಗೆ ಸುತ್ತುವ ಕೊಕ್ಕೆಗೆ, ಅಂದರೆ ಹುಕ್‌ಗೆ, ಸಿಗಬೇಕು, ಮೇಲಿನ ದಾರ ಕೆಳಗಿನ ದಾರ ಸೇರುವ ಗಂಟನ್ನು ಚರ್ಮದ ನಡುವಿಗೆ ಎಳೆದುಕೊಳ್ಳಬೇಕು, ಆಮೇಲೆ ಎಲ್ಲಾ ಪದರ ಒಟ್ಟಿಗೆ ಹಿಂದಕ್ಕೆ ಸರಿಯಬೇಕು. ಬಟ್ಟೆಯಲ್ಲಿ ಸೂಜಿ ನೂಲುಗಳ ಸಂದಿಯಲ್ಲಿ ನುಗ್ಗುತ್ತದೆ, ಸೂಜಿ ಹೋದ ಮೇಲೆ ಸಂದಿ ಮುಚ್ಚಿಕೊಳ್ಳುತ್ತದೆ. ಚರ್ಮದಲ್ಲಿ ಹಾಗಲ್ಲ, ತೂತು ತೂತೇ. ತಪ್ಪು ಹೊಲಿಗೆ ಬಿಚ್ಚಿದರೂ ಅದರ ಸಾಲು ಅಲ್ಲೇ ಕೂತಿರುತ್ತದೆ.

ಅದಕ್ಕೇ ದಾರದಿಂದ ಶುರು ಮಾಡಿ ಅನ್ನುವುದು. ನೀವು ಮಾಡುವ ವಸ್ತು ಯಾವ ದಾರ ಕೇಳುತ್ತದೆ, ಆ ದಾರಕ್ಕೆ ಯಾವ ಸೂಜಿ, ಆ ಸೂಜಿ ಯಾವ ಮಷಿನ್‌ಗೆ ಹಿಡಿಸುತ್ತದೆ, ಈ ಕ್ರಮದಲ್ಲಿ ಯೋಚಿಸಿದರೆ ಅರ್ಧ ಮಷಿನ್‌ಗಳು ತಾವಾಗೇ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಚರ್ಮಕ್ಕೆ ಬಳಸುವುದು ಬಾಂಡೆಡ್ ನೈಲಾನ್ ಅಥವಾ ಬಾಂಡೆಡ್ ಪಾಲಿಯೆಸ್ಟರ್ ದಾರ. ಬಾಂಡೆಡ್ ಅಂದರೆ ಎಳೆಗಳು ಬಿಚ್ಚಿಕೊಳ್ಳದ ಹಾಗೆ ಮೇಲೊಂದು ಅಂಟಿನ ಲೇಪ ಇರುತ್ತದೆ. ಬಿಸಿಲಿನಲ್ಲಿ ಇರುವ ವಸ್ತುವಿಗೆ ಪಾಲಿಯೆಸ್ಟರ್ ವಾಸಿ, ನೈಲಾನ್ ಬಿಸಿಲಿಗೆ ಬೇಗ ಸೋಲುತ್ತದೆ. ದಪ್ಪವನ್ನು ಟೆಕ್ಸ್ ಅಂತ ಬರೆದಿರುತ್ತಾರೆ, 1000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಟೆಕ್ಸ್. ತೆಳು ಪರ್ಸು, ಒಳಗಿನ ಅಸ್ತರಿಗೆ ಟೆಕ್ಸ್ 70. ಪರ್ಸಿನ ಅಂಚು, ಸಣ್ಣ ಬ್ಯಾಗಿಗೆ ಟೆಕ್ಸ್ 90. ಬ್ಯಾಗಿಗೆ, ಹ್ಯಾಂಡಲ್ಲಿಗೆ ಟೆಕ್ಸ್ 135. ದಪ್ಪ ಬೆಲ್ಟಿಗೆ ಟೆಕ್ಸ್ 210 ಅಥವಾ 270. ಇದೇ ದಾರಗಳನ್ನು ಕೆಲವರು 69, 92, 138, 207, 277 ಅಂತ ಕರೆಯುತ್ತಾರೆ. ಎರಡೂ ಒಂದೇ, ಗಾಬರಿಯಾಗಬೇಡಿ.

ಸೂಜಿ ಮೇಲೆ 110/18 ಅಂತ ಇದ್ದರೆ ಅದರ ದಪ್ಪ 1.10 ಮಿ.ಮೀ. ಟೆಕ್ಸ್ 70ಕ್ಕೆ 100 ಅಥವಾ 110ರ ಸೂಜಿ, 90ಕ್ಕೆ 110 ಅಥವಾ 120, 135ಕ್ಕೆ 140 ಅಥವಾ 160, 210ಕ್ಕೆ 160 ಅಥವಾ 180, 270ಕ್ಕೆ 180 ಅಥವಾ 200. ಅಳತೆ ಮರೆತುಹೋದರೆ ಒಂದು ಸುಲಭ ಪರೀಕ್ಷೆ ಇದೆ. ಒಂದು ಗೇಣು ದಾರವನ್ನು ಬಿಡಿ ಸೂಜಿಗೆ ಪೋಣಿಸಿ, ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು ಓರೆ ಮಾಡಿ. ಸೂಜಿ ತನ್ನ ಭಾರಕ್ಕೇ ಕೆಳಗೆ ಜಾರಬೇಕು. ತಡೆದು ನಿಂತರೆ ಸೂಜಿ ಸಣ್ಣದು, ಇನ್ನೊಂದು ನಂಬರ್ ಮೇಲಿನದು ಹಾಕಿ.

ಸೂಜಿಯ ತುದಿ ಇನ್ನೊಂದು ಕಥೆ. ಬಟ್ಟೆಯ ಸೂಜಿಯ ತುದಿ ದುಂಡು, ಚರ್ಮದ ಸೂಜಿಯ ತುದಿ ಪುಟ್ಟ ಚಾಕು. ಆ ಚಾಕು ಯಾವ ದಿಕ್ಕಿಗೆ ಸೀಳುತ್ತದೆ ಅನ್ನುವುದರ ಮೇಲೆ ಹೊಲಿಗೆಯ ಅಂದ ನಿಂತಿದೆ. 'ಎಲ್‌ಆರ್' ಅನ್ನುವ ತುದಿ ಓರೆಯಾಗಿ ಸೀಳುತ್ತದೆ, ಹೊಲಿಗೆ ಸ್ವಲ್ಪ ವಾಲಿಕೊಂಡು ಬರುತ್ತದೆ, ಸಾಮಾನ್ಯ ಕೆಲಸಕ್ಕೆಲ್ಲಾ ಇದು ಸಾಕು. 'ಎಸ್' ತುದಿ ಹೊಲಿಗೆಯ ಸಾಲಿನ ಉದ್ದಕ್ಕೇ ಸೀಳುತ್ತದೆ, ಹೊಲಿಗೆ ನೇರವಾಗಿ ಬರುತ್ತದೆ. ಆದರೆ ಇದರಲ್ಲಿ ಹೊಲಿಗೆ ಒತ್ತೊತ್ತಾಗಿ ಹಾಕಿದರೆ ಒಂದು ಸೀಳು ಇನ್ನೊಂದಕ್ಕೆ ಸೇರಿ ಚರ್ಮ ಅಂಚೆ ಚೀಟಿಯ ಹಾಗೆ ಹರಿಯುತ್ತದೆ. 'ಪಿ' ತುದಿ ಅಡ್ಡಡ್ಡ ಸೀಳುತ್ತದೆ, ಒತ್ತಾದ ಸಣ್ಣ ಹೊಲಿಗೆಗೆ ಅದು. ನಿಮ್ಮ ಕೆಲಸಕ್ಕೆ ಎಲ್‌ಆರ್ ಒಂದು ಪ್ಯಾಕೆಟ್, ಎಸ್ ಒಂದು ಪ್ಯಾಕೆಟ್ ಇಟ್ಟುಕೊಳ್ಳಿ. ಚರ್ಮದ ಜೊತೆ ಕ್ಯಾನ್ವಾಸ್ ಸೇರಿಸಿ ಹೊಲಿಯುವಾಗ ಮಾತ್ರ ದುಂಡು ತುದಿಯದೇ ಹಾಕಿ, ಚಾಕು ತುದಿ ಕ್ಯಾನ್ವಾಸಿನ ನೂಲನ್ನೇ ಕತ್ತರಿಸುತ್ತದೆ.

ಈಗ ನಿಮ್ಮ ಮಷಿನ್. ಬಟ್ಟೆ ಹೊಲಿಯುವ ಇಂಡಸ್ಟ್ರಿಯಲ್ ಮಷಿನ್‌ಗಳಿಗೆ ಸಾಮಾನ್ಯವಾಗಿ ಹಿಡಿಸುವುದು ಡಿಬಿ×1 ಅನ್ನುವ ಸಪೂರ ತಲೆಯ ಸೂಜಿ, ಅದರ ತಲೆ 1.62 ಮಿ.ಮೀ. ಚರ್ಮದ ಮಷಿನ್‌ಗಳ 135×16, 135×17 ಸೂಜಿಗಳ ತಲೆ 2 ಮಿ.ಮೀ., ಉದ್ದವೂ ಜಾಸ್ತಿ. 135×16, 135×17 ಎರಡರ ಅಳತೆ ಒಂದೇ. 16 ಚರ್ಮಕ್ಕೆ, 17 ಬಟ್ಟೆಗೆ, ವ್ಯತ್ಯಾಸ ತುದಿಯಲ್ಲಿ ಮಾತ್ರ. ನಿಮ್ಮ ಮಷಿನ್‌ನಲ್ಲಿ ಟೆಕ್ಸ್ 70ರ ತನಕ ಆರಾಮಾಗಿ ಹೊಲಿಯಬಹುದು. ಅದಕ್ಕಿಂತ ದಪ್ಪ ದಾರ ಹಾಕಿ ಎಳೆದಾಡಿದರೆ ಗಂಟು ಒಳಗೆ ಹೋಗದೆ ಮೇಲೆಯೋ ಕೆಳಗೆಯೋ ಚುಕ್ಕೆ ಚುಕ್ಕೆಯಾಗಿ ನಿಲ್ಲುತ್ತದೆ.

ಮೂರನೇ ತೊಂದರೆ, ಅಂಚು ಕೂಡದ್ದು. ನಿಮ್ಮ ಮಷಿನ್‌ನಲ್ಲಿ ಚರ್ಮವನ್ನು ಸರಿಸುವುದು ಕೆಳಗಿನ ಹಲ್ಲು ಮಾತ್ರ. ಹಲ್ಲು ಕೆಳಗಿನ ಪದರವನ್ನು ಕಚ್ಚಿ ಎಳೆಯುತ್ತದೆ, ಮೇಲಿನ ಪದರವನ್ನು ಪಾದ ಒತ್ತಿ ತಡೆಯುತ್ತದೆ. ಒಂದು ಹೊಲಿಗೆಗೆ ಕೂದಲೆಳೆಯಷ್ಟು ಹಿಂದೆ ಬಿದ್ದರೂ ನೂರು ಹೊಲಿಗೆಯ ಕೊನೆಗೆ ಮೇಲಿನ ಚರ್ಮ ಉದ್ದ ಉಳಿದಿರುತ್ತದೆ. ಮೇಲಾಗಿ ಕೆಳಗಡೆ ಹಲ್ಲಿನ ಗುರುತು ಬೇರೆ. ಟೆಫ್ಲಾನ್ ಪಾದ, ರೋಲರ್ ಪಾದ ಹಾಕಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಚರ್ಮಕ್ಕೆ ಬೇಕಾದ್ದು ಮೂರೂ ಒಟ್ಟಿಗೆ ನಡೆಯುವ ಮಷಿನ್, ಅಂದರೆ ಕೆಳಗಿನ ಹಲ್ಲು, ಸೂಜಿ, ಒಳಪಾದ ಮೂರೂ ಸೇರಿ ಹೆಜ್ಜೆ ಹಾಕುತ್ತವೆ. ಇದನ್ನು ಕಾಂಪೌಂಡ್ ಫೀಡ್, ಟ್ರಿಪಲ್ ಫೀಡ್, ಯೂನಿಸನ್ ಫೀಡ್ ಅಂತೆಲ್ಲಾ ಕರೆಯುತ್ತಾರೆ. ಸೂಜಿ ಎಲ್ಲಾ ಪದರಗಳ ಒಳಗೆ ಇರುವಾಗಲೇ ಹಿಂದಕ್ಕೆ ಸರಿಯುವುದರಿಂದ ಪದರಗಳು ಒಂದಕ್ಕೊಂದು ಜಾರುವ ಮಾತೇ ಇಲ್ಲ. ಇಲ್ಲಿ ಒಂದು ಎಚ್ಚರಿಕೆ. 'ವಾಕಿಂಗ್ ಫುಟ್' ಅಂತ ಬೋರ್ಡು ಹಾಕಿದ್ದೆಲ್ಲಾ ಟ್ರಿಪಲ್ ಅಲ್ಲ, ಕೆಲವದರಲ್ಲಿ ಪಾದ ನಡೆಯುತ್ತದೆ, ಸೂಜಿ ನಿಂತಲ್ಲೇ ಮೇಲೆ ಕೆಳಗೆ ಆಡುತ್ತದೆ. ಕೈಚಕ್ರ ನಿಧಾನವಾಗಿ ತಿರುಗಿಸಿ ನೋಡಿ, ಸೂಜಿಯೂ ಹಿಂದೆ ಮುಂದೆ ಹೋಗುತ್ತಿದೆಯಾ ಅಂತ. ಹತ್ತು ಸೆಕೆಂಡಿನ ಕೆಲಸ.

ಇನ್ನು ಆಕಾರ. ಜೂಕಿ ಡಿಎನ್‌ಯು-1541 ಥರದ್ದು ಚಪ್ಪಟೆ ಮೇಜಿನ ಮಷಿನ್, ಟ್ರಿಪಲ್ ಫೀಡ್, ದೊಡ್ಡ ಬಾಬಿನ್ (ಕೆಳಗಿನ ದಾರ ಸುತ್ತಿಡುವ ಉರುಳೆ), ಟೆಕ್ಸ್ 135 ಅದರ ಸುಖದ ಜಾಗ, 210 ಕೊನೆಯ ಮಿತಿ ಅಂತಿಟ್ಟುಕೊಳ್ಳಿ. ಸೀಟು, ಪರ್ಸು, ಚಪ್ಪಟೆ ಕೆಲಸಕ್ಕೆಲ್ಲಾ ಚೆನ್ನ. ಆದರೆ ನೀವು ಬ್ಯಾಗು ಮಾಡುತ್ತೀರಿ. ಹೊಲಿದು ನಿಂತ ಬ್ಯಾಗಿನ ಬಾಯಿಗೆ ಪಟ್ಟಿ ಹೊಲಿಯಬೇಕಾದಾಗ ಚಪ್ಪಟೆ ಮೇಜಿನ ಮೇಲೆ ಅದನ್ನು ಹೇಗೆ ಮಡಚಿದರೂ ಕೂರುವುದಿಲ್ಲ. ಅಲ್ಲಿ ಬೇಕಾದ್ದು ಸಿಲಿಂಡರ್ ಆರ್ಮ್, ತೋಳಿನ ಹಾಗೆ ಮುಂದಕ್ಕೆ ಚಾಚಿದ ಮಷಿನ್. ಬ್ಯಾಗನ್ನು ಆ ತೋಳಿಗೆ ತೊಡಿಸಿ ಸುತ್ತಲೂ ಹೊಲಿಯಬಹುದು. ಅದರ ಸುತ್ತ ಒಂದು ಹಲಗೆ ಕೂರಿಸಿದರೆ ಅದೇ ಚಪ್ಪಟೆ ಮಷಿನ್ ಕೂಡ ಆಗುತ್ತದೆ. ಚಪ್ಪಟೆಯದನ್ನು ಸಿಲಿಂಡರ್ ಮಾಡಲು ಆಗುವುದಿಲ್ಲ. ಕಂಬದ ಹಾಗೆ ಮೇಲಕ್ಕೆ ನಿಂತ ಪೋಸ್ಟ್ ಬೆಡ್ ಶೂ ಮೇಲ್ಭಾಗಕ್ಕೆ, ನಿಮಗೆ ಬೇಡ. ಸಿಂಗರ್ 29ಕೆ ಥರದ ಪ್ಯಾಚರ್ ರಿಪೇರಿಗೆ ಬಹಳ ಒಳ್ಳೆಯದು, ಪಾದ ಸುತ್ತಲೂ ತಿರುಗುತ್ತದೆ, ಆದರೆ ಬಾಬಿನ್ ಪುಟಾಣಿ, ಸಾಲುಸಾಲಾಗಿ ಹೊಸ ಮಾಲು ಹೊಲಿಯುವ ಮಷಿನ್ ಅಲ್ಲ ಅದು.

ಆ ದೊಡ್ಡ ಮಷಿನ್ ವಿಷಯಕ್ಕೆ ಬರುತ್ತೇನೆ. ಅದು ಜೂಕಿ ಟಿಎಸ್‌ಸಿ-441ರ ಗುಂಪಿನದು ಇರಬೇಕು, ಅದನ್ನು ನೋಡಿ ಮಾಡಿದ ಮಷಿನ್‌ಗಳು ಬೇಕಾದಷ್ಟಿವೆ. ಇಪ್ಪತ್ತು ಮಿ.ಮೀ. ದಪ್ಪ ಹೊಲಿಯುತ್ತದೆ, ಟೆಕ್ಸ್ 270 ದಾರವನ್ನು ನೀರು ಕುಡಿದ ಹಾಗೆ ಎಳೆಯುತ್ತದೆ, ಸುಳ್ಳಲ್ಲ. ಆದರೆ ಅದರಲ್ಲಿ 1 ಮಿ.ಮೀ. ಪರ್ಸಿನ ಚರ್ಮ ಇಟ್ಟು ನೋಡಿ. ಪ್ಲೇಟಿನ ಸೂಜಿ ಸಂದು ಅಷ್ಟು ಅಗಲ ಇರುತ್ತದೆ, ಮೆತ್ತನೆ ಚರ್ಮ ಸೂಜಿ ಜೊತೆ ಒಳಗೆ ಇಳಿದುಬಿಡುತ್ತದೆ. ದಪ್ಪ ದಾರದ ಗಂಟಿಗೆ ಆ ತೆಳು ಚರ್ಮದೊಳಗೆ ಕೂರಲು ಜಾಗವೇ ಇಲ್ಲ. ತೆಳು ದಾರ ಹಾಕಿದರೆ ಟೆನ್ಷನ್, ಅಂದರೆ ದಾರದ ಬಿಗಿ, ನಿಲ್ಲುವುದಿಲ್ಲ. ಪ್ಲೇಟು, ಪಾದ, ಸ್ಪ್ರಿಂಗು ಎಲ್ಲಾ ಬದಲಾಯಿಸಿ ಒಗ್ಗಿಸುವವರಿದ್ದಾರೆ, ಆದರೆ ಬೆಳಗ್ಗೆ ಪರ್ಸು, ಮಧ್ಯಾಹ್ನ ಬೆಲ್ಟು ಅಂತ ದಿನಾ ಅದನ್ನು ಮಾಡುತ್ತಾ ಕೂರುತ್ತೀರಾ? ಎಲ್ಲಾ ಕೆಲಸಕ್ಕೂ ಒಂದೇ ಮಷಿನ್ ಅನ್ನುವುದು ಮಾರುವವರ ಮಾತು, ಹೊಲಿಯುವವರ ಮಾತಲ್ಲ.

ನಿಮ್ಮ ಕೆಲಸದಲ್ಲಿ ಬ್ಯಾಗು ಜಾಸ್ತಿ, ಪರ್ಸು ಇದೆ, ಬೆಲ್ಟು ಅಲ್ಲೊಂದು ಇಲ್ಲೊಂದು. ನಾನಾದರೆ ಟೆಕ್ಸ್ 135 ಹೊಲಿಯುವ ಮಧ್ಯಮ ಸಿಲಿಂಡರ್ ಆರ್ಮ್ ಮಷಿನ್, ಟ್ರಿಪಲ್ ಫೀಡ್‌ನದು, ತಗೊಳ್ಳುತ್ತೇನೆ. ಈಗಿರುವ ಬಟ್ಟೆ ಮಷಿನ್ ಅಸ್ತರಿಗೆ, ಜಿಪ್‌ಗೆ ಇರಲಿ, ಮಾರಬೇಡಿ. ಬೆಲ್ಟನ್ನು ಕೈಯಲ್ಲೇ ಹೊಲಿಯಿರಿ. ಎರಡು ಸೂಜಿಯ ಕೈಹೊಲಿಗೆಯಲ್ಲಿ ಒಂದು ಕಡೆ ದಾರ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ, ಮಷಿನ್ ಹೊಲಿಗೆಗೆ ಆ ಭಾಗ್ಯ ಇಲ್ಲ.

ಮೋಟಾರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪೆಡಲ್ ಒತ್ತಿದಾಗ ಮಾತ್ರ ಸುತ್ತುವ ಸರ್ವೋ ಮೋಟಾರ್ ತಗೊಳ್ಳಿ. ಹಳೆಯ ಕ್ಲಚ್ ಮೋಟಾರ್ ಸ್ವಿಚ್ ಹಾಕಿದಾಗಿನಿಂದ ಪೂರ್ತಿ ವೇಗದಲ್ಲಿ ಸುತ್ತುತ್ತಲೇ ಇರುತ್ತದೆ, ಪೆಡಲ್ ಒತ್ತಿದರೆ ಒಮ್ಮೆಲೇ ಎಗರುತ್ತದೆ. ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಸುತ್ತುತ್ತದೆ, ಆಗ ಸೂಜಿ ಬದಲಾಯಿಸಲು ಬೆರಳಿಟ್ಟು, ಕಾಲು ಪೆಡಲ್‌ಗೆ ತಾಗಿದರೆ ಬೆರಳು ಹೋಯಿತು. ಸರ್ವೋದಲ್ಲೂ ಸ್ವಿಚ್ ಆರಿಸಿಯೇ ಸೂಜಿ ಮುಟ್ಟಿ. ಸರ್ವೋದ ಒಂದು ದೋಷ, ಬಹಳ ನಿಧಾನದಲ್ಲಿ ಶಕ್ತಿ ಸಾಲದೆ ದಪ್ಪ ಜಾಗದಲ್ಲಿ ನಿಂತುಬಿಡುತ್ತದೆ. ಅದಕ್ಕೆ ಮೋಟಾರಿನ ಪುಲ್ಲಿ ಚಿಕ್ಕದು ಮಾಡಿ ಅಥವಾ ನಡುವೆ ರಿಡ್ಯೂಸರ್ ಹಾಕಿಸಿ. ಮೂರಕ್ಕೆ ಒಂದರ ರಿಡ್ಯೂಸರ್ ಹಾಕಿದರೆ ವೇಗ ಮೂರನೇ ಒಂದಕ್ಕೆ ಇಳಿಯುತ್ತದೆ, ತಳ್ಳುವ ಬಲ ಹೆಚ್ಚುಕಡಿಮೆ ಮೂರರಷ್ಟಾಗುತ್ತದೆ. ಒಂದೊಂದೇ ಹೊಲಿಗೆ ಎಣಿಸಿಕೊಂಡು ಮೂಲೆ ತಿರುಗಿಸಬಹುದು.

ಮಷಿನ್ ನೋಡಲು ಹೋಗುವಾಗ ನಿಮ್ಮದೇ ಚರ್ಮ, ನಿಮ್ಮದೇ ದಾರ ತಗೊಂಡು ಹೋಗಿ. ತೋರಿಸುವವರು ತಮ್ಮ ಗಟ್ಟಿ ಚರ್ಮದ ತುಂಡು, ತೆಳು ದಾರ ಹಾಕಿ ಸರ್ರನೆ ಹೊಲಿದು ತೋರಿಸುತ್ತಾರೆ, ಅದರಲ್ಲಿ ಯಾವ ಮಷಿನ್ ಆದರೂ ಪಾಸು. ನೀವು ನಿಮ್ಮ ಬ್ಯಾಗಿನ ಅತಿ ದಪ್ಪ ಜಾಗವನ್ನು ಅಂಟಿಸಿ ತಂದಿರಿ, ಎರಡು ಪದರದಿಂದ ನಾಲ್ಕಕ್ಕೆ ಹತ್ತಿ ಮತ್ತೆ ಎರಡಕ್ಕೆ ಇಳಿಯುವಂಥದ್ದು. ಹತ್ತುವಾಗ ಹೊಲಿಗೆ ಸಣ್ಣದಾಗುತ್ತದಾ ನೋಡಿ. ರಿವರ್ಸ್ ಹಾಕಿದಾಗ ಸೂಜಿ ಅದೇ ತೂತುಗಳಿಗೆ ಬೀಳಬೇಕು. ಹಳೆಯ ಮಷಿನ್ ಆದರೆ ಬೆಲ್ಟ್ ಕಳಚಿ ಕೈಚಕ್ರ ತಿರುಗಿಸಿ, ಎಲ್ಲೂ ಬಿಗಿ ಹಿಡಿಯಬಾರದು. ಸೂಜಿ ಹಿಡಿಯುವ ಕಂಬಿಯನ್ನು ಅಲ್ಲಾಡಿಸಿ ಸಡಿಲ ಇದೆಯಾ ನೋಡಿ. ಹುಕ್‌ನ ಮೂತಿಯ ಮೇಲೆ ಉಗುರು ಎಳೆಯಿರಿ, ಗೀರು ಇದ್ದರೆ ಉಗುರಿಗೆ ಗೊತ್ತಾಗುತ್ತದೆ. 'ಪಾದ 16 ಮಿ.ಮೀ. ಏಳುತ್ತದೆ' ಅಂದರೆ 16 ಮಿ.ಮೀ. ಹೊಲಿಯುತ್ತದೆ ಅಂತಲ್ಲ, ಅದು ಮಾಲನ್ನು ಒಳಗೆ ತೂರಿಸಲು ಇರುವ ಜಾಗ ಅಷ್ಟೇ.

ಸರಿ, ಈಗ ನಿಮ್ಮ ಮೊದಲ ಎರಡು ತೊಂದರೆ.

ಕೆಳಗಡೆ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ ಬಿಚ್ಚುತ್ತಾರೆ. ತಪ್ಪು ಇರುವುದು ಹೆಚ್ಚಾಗಿ ಮೇಲೆ. ಕೆಳಗೆ ಕಾಣುವ ಗೋಜಲು ಮೇಲಿನ ದಾರದ್ದು, ಅದನ್ನು ಯಾರೂ ಹಿಡಿದಿಲ್ಲ ಅಂತ ಅರ್ಥ. ಟೆನ್ಷನ್ ಬಿಲ್ಲೆಗಳ ನಡುವೆ ದಾರ ಕೂತಿಲ್ಲ, ಅಥವಾ ಪಾದ ಎತ್ತಿಟ್ಟು ದಾರ ಪೋಣಿಸದೆ ಬಿಟ್ಟಿದ್ದೀರಿ. ಪಾದ ಎತ್ತಿದಾಗ ಬಿಲ್ಲೆ ತೆರೆದುಕೊಳ್ಳುತ್ತದೆ, ಆಗ ದಾರ ಒಳಗೆ ಹೋಗುತ್ತದೆ. ನಿಮಗೆ ಶುರುವಿನಲ್ಲಿ ಮಾತ್ರ ಆಗುತ್ತಿದೆ ಅಂದಿದ್ದೀರಿ, ಹಾಗಾದರೆ ಎರಡೂ ದಾರದ ತುದಿಗಳನ್ನು ಪಾದದ ಹಿಂದೆ ಹಿಡಿದುಕೊಂಡು ಮೊದಲ ಮೂರು ಹೊಲಿಗೆ ಹಾಕಿ. ಬಹುಶಃ ಅಷ್ಟೇ ಸಾಕು.

ಹೊಲಿಗೆ ಬಿಡುವುದು ಸ್ವಲ್ಪ ಆಳದ ವಿಷಯ. ಒಂದು ಸಲ ಕಣ್ಣಾರೆ ನೋಡಿಬಿಡಿ, ಆಮೇಲೆ ಮರೆಯುವುದಿಲ್ಲ. ಸ್ವಿಚ್ ಆರಿಸಿ, ಪ್ಲೇಟಿನ ಪಕ್ಕದ ಮುಚ್ಚಳ ಸರಿಸಿ, ಟಾರ್ಚ್ ಹಿಡಿದು ಕೈಚಕ್ರ ನಿಧಾನ ತಿರುಗಿಸಿ. ಸೂಜಿ ಪೂರ್ತಿ ಕೆಳಗೆ ಹೋಗಿ ಎರಡು ಮಿ.ಮೀ. ಮೇಲೆ ಬಂದಾಗ ಸೂಜಿಯ ಕಣ್ಣಿನ ಪಕ್ಕ ದಾರ ಹೊಟ್ಟೆ ಉಬ್ಬಿಸಿದ ಹಾಗೆ ಪುಟ್ಟ ಕುಣಿಕೆಯಾಗುತ್ತದೆ. ಹುಕ್‌ನ ಮೂತಿ ಆಗಲೇ ಅದರೊಳಗೆ ನುಗ್ಗಬೇಕು. ಈಗ ಮೂರು ಪದರ ಚರ್ಮ ಇಟ್ಟು ಅದನ್ನೇ ಮಾಡಿ. ಸೂಜಿ ಏಳುವಾಗ ಚರ್ಮವೂ ಪಾದವನ್ನು ತಳ್ಳಿಕೊಂಡು ಏಳುತ್ತಿದ್ದರೆ ದಾರ ಸೂಜಿಯ ಜೊತೆಗೇ ಹೋಗುತ್ತದೆ, ಕುಣಿಕೆ ಹುಟ್ಟುವುದೇ ಇಲ್ಲ, ಹುಕ್ ಗಾಳಿಯಲ್ಲಿ ಸುತ್ತಿ ಬರುತ್ತದೆ. ನಿಮ್ಮದು ಇದೇ ಇರಬೇಕು ಅನ್ನಿಸುತ್ತದೆ, ಯಾಕೆಂದರೆ ಎರಡು ಪದರದಲ್ಲಿ ಚೆನ್ನಾಗಿದೆ. ಪಾದದ ಒತ್ತಡ ಹೆಚ್ಚಿಸಿ. ಹೊಸ ಸೂಜಿ ಹಾಕಿ, ಚರ್ಮದ ತುದಿಯದು, ಒಂದು ನಂಬರ್ ದಪ್ಪದ್ದು. ಮೂರನೇ ಪದರ ಸೇರುವ ಕಡೆ ಚರ್ಮದ ಅಂಚನ್ನು ಕೆತ್ತಿ ತೆಳು ಮಾಡಿ.

ಅಂಟು ಬಳಸುತ್ತೀರಲ್ವಾ? ಅದು ಪೂರ್ತಿ ಒಣಗಿರಬೇಕು. ಹಸಿ ಅಂಟಿನ ಮೇಲೆ, ಇಲ್ಲಾ ಎರಡು ಬದಿ ಟೇಪಿನ ಮೇಲೆ ಹೊಲಿದರೆ ಸೂಜಿಗೆ ಗೋಂದು ಹತ್ತಿ ಹೊಲಿಗೆಯೂ ಬಿಡುತ್ತದೆ, ದಾರವೂ ಎಳೆ ಎಳೆಯಾಗಿ ಸೀಳುತ್ತದೆ. ಆಗಾಗ ಸಿಲಿಕಾನ್ ಹಚ್ಚಿದ ಬಟ್ಟೆಯಲ್ಲಿ ಸೂಜಿ ಒರೆಸಿ. ಮೂಲೆಯಲ್ಲಿ ಮಾತ್ರ ಬಿಡುತ್ತಿದ್ದರೆ ನೀವು ಸೂಜಿ ತೀರಾ ತಳದಲ್ಲಿರುವಾಗ ಚರ್ಮ ತಿರುಗಿಸುತ್ತಿದ್ದೀರಿ. ತಳ ಮುಟ್ಟಿ ಮೇಲೇಳಲು ಶುರುವಾಗಿ, ಹುಕ್ ದಾರ ಹಿಡಿದ ಮೇಲೆ ತಿರುಗಿಸಿ.

ಟೈಮಿಂಗ್ ಸ್ಕ್ರೂ, ಅಂದರೆ ಸೂಜಿಗೂ ಹುಕ್‌ಗೂ ಹೊಂದಿಕೆ ಕೂರಿಸುವ ಸ್ಕ್ರೂ, ಮಾತ್ರ ಮೊದಲೇ ಮುಟ್ಟಬೇಡಿ. ನನ್ನ ಮೊದಲ ಚರ್ಮದ ಮಷಿನ್ ಹೊಲಿಗೆ ಬಿಡುತ್ತದೆ ಅಂತ ನಾನು ಹುಕ್ ಸಡಿಲ ಮಾಡಿ ಎರಡು ರಾತ್ರಿ ಅದರ ಕೆಳಗೆ ಮಲಗಿದ್ದೆ. ಮೂರನೇ ದಿನ ಬೆಳಕಿನಲ್ಲಿ ನೋಡಿದರೆ ಸೂಜಿಯೇ ತಿರುಗುಮುರುಗು ಹಾಕಿದ್ದೆ! ಸೂಜಿ ಸರಿಮಾಡಿದೆ, ಅಷ್ಟರಲ್ಲಿ ಟೈಮಿಂಗ್ ಕೆಟ್ಟಿತ್ತು, ಇನ್ನೊಂದು ವಾರ ಅದಕ್ಕೆ ಹೋಯಿತು. ಸೂಜಿಯ ಮೈಯಲ್ಲಿ ಒಂದು ಕಡೆ ಉದ್ದದ ಗೀರು, ಇನ್ನೊಂದು ಕಡೆ ಕಣ್ಣಿನ ಮೇಲೆ ತಗ್ಗು ಇರುತ್ತದೆ. ಆ ತಗ್ಗು ಹುಕ್‌ನ ಕಡೆಗೇ ಇರಬೇಕು, ಯಾವ ಮಷಿನ್ ಆದರೂ. ಸೂಜಿ ಪೂರ್ತಿ ಮೇಲಕ್ಕೆ ತಾಗಿ ಕೂತಿರಬೇಕು. ಇಷ್ಟೆಲ್ಲಾ ನೋಡಿಯೂ ಬಿಡುತ್ತಿದ್ದರೆ ಆಗ ಹುಕ್ ಕಡೆ ಹೋಗಿ. ಮೂತಿಗೂ ಸೂಜಿಗೂ ನಡುವೆ ಕಾಗದದ ಹಾಳೆಯಷ್ಟು, 0.05ರಿಂದ 0.1 ಮಿ.ಮೀ., ಸಂದು ಇರಬೇಕು. ತಾಗಬಾರದು, ದೂರವೂ ಆಗಬಾರದು. ಸೂಜಿಯ ನಂಬರ್ ತುಂಬಾ ಬದಲಾಯಿಸಿದರೆ ಈ ಸಂದೂ ಬದಲಾಗುತ್ತದೆ ನೆನಪಿರಲಿ. ಸ್ಕ್ರೂ ಸಡಿಲ ಮಾಡುವ ಮೊದಲು ಮಾರ್ಕರ್‌ನಲ್ಲಿ ಗೆರೆ ಎಳೆದು ಫೋಟೊ ತೆಗೆದಿಡಿ.

ಇದ್ದಕ್ಕಿದ್ದ ಹಾಗೆ ಒಂದೂ ಹೊಲಿಗೆ ಬೀಳದಿದ್ದರೆ, ಅದೂ ದಾರ ಸಿಕ್ಕಿಕೊಂಡ ಮೇಲೆ, ಕೆಲವು ಮಷಿನ್‌ಗಳಲ್ಲಿ ಸೇಫ್ಟಿ ಕ್ಲಚ್ ಕಳಚಿರುತ್ತದೆ. ಹುಕ್ ಮುರಿಯದಿರಲಿ ಅಂತ ಇಟ್ಟ ವ್ಯವಸ್ಥೆ ಅದು. ಸಿಕ್ಕಿದ ದಾರ ತೆಗೆದು, ಮೇಜಿನ ಮೇಲಿನ ಗುಂಡಿ ಒತ್ತಿಹಿಡಿದು ಕೈಚಕ್ರವನ್ನು ಜೋರಾಗಿ ಹಿಂದಕ್ಕೆ ತಿರುಗಿಸಿದರೆ ಟಕ್ ಅಂತ ಕೂರುತ್ತದೆ. ಇದು ಗೊತ್ತಿಲ್ಲದೆ ಮೆಕ್ಯಾನಿಕ್ ಕರೆಸಿದವರು ಎಷ್ಟೋ ಜನ.

ಟೆನ್ಷನ್ ಕೂರಿಸುವಾಗ ಬಾಬಿನ್ ಮೊದಲು. ಬಾಬಿನ್ ದಾರ ಎಳೆದರೆ ನುಣ್ಣಗೆ, ಒಂದೇ ಸಮ ಬರಬೇಕು. ಆಮೇಲೆ ಅದನ್ನು ಮರೆತು ಮೇಲಿನದನ್ನು ಕಾಲು ಸುತ್ತು ಕಾಲು ಸುತ್ತಾಗಿ ತಿರುಗಿಸಿ. ಹೊಲಿದ ತುಂಡನ್ನು ಸಾಲಿನ ಮೇಲೇ ಚಾಕುವಿನಲ್ಲಿ ಕತ್ತರಿಸಿ ನೋಡಿ, ಗಂಟು ಎಲ್ಲಿ ಕೂತಿದೆ ಅಂತ ಕಾಣುತ್ತದೆ. ಮೇಲೆ ಕಂಡರೆ ಮೇಲಿನ ಟೆನ್ಷನ್ ಜಾಸ್ತಿ, ಕೆಳಗೆ ಕಂಡರೆ ಕಡಿಮೆ. ಎಷ್ಟು ತಿರುಗಿಸಿದರೂ ಗಂಟು ಒಳಗೆ ಹೋಗುತ್ತಿಲ್ಲ ಅಂದರೆ ತೂತು ಸಣ್ಣದಾಗಿದೆ, ಸೂಜಿ ದಪ್ಪ ಮಾಡಿ. ಅದೂ ಆಗದಿದ್ದರೆ ಚರ್ಮ ತೆಳು, ದಾರ ದಪ್ಪ, ಇಳಿಸಲೇಬೇಕು.

ಹೊಸ ಮಷಿನ್ ಬಂದ ದಿನ ಎಣ್ಣೆ ಹಾಕಿ ತಕ್ಷಣ ಒಳ್ಳೆ ಚರ್ಮ ಇಡಬೇಡಿ. ಸೂಜಿಗೆ ದಾರ ಹಾಕದೆ, ಬಾಬಿನ್ ಕೇಸ್ ತೆಗೆದಿಟ್ಟು, ಬಿಳಿ ಬಟ್ಟೆಯ ಚೂರಿನ ಮೇಲೆ ಓಡಿಸಿ. ಬಟ್ಟೆಗೆ ಎಣ್ಣೆ ಕಲೆ ಹತ್ತುವುದು ನಿಂತ ಮೇಲೆ ದಾರ ಪೋಣಿಸಿ. ಬಣ್ಣ ಹಾಕದ ಚರ್ಮಕ್ಕೆ ಹತ್ತಿದ ಎಣ್ಣೆ ಕಲೆ ಏನು ಮಾಡಿದರೂ ಹೋಗುವುದಿಲ್ಲ.